ನಿಷ್ಪತ್ತಿಯಾಚೆಗೆ: ಮನೆತನದ ಚರಿತ್ರೆಯಲ್ಲಿ ಸ್ಥಳನಾಮಗಳು (ಹಂಗಾರಕಟ್ಟೆ ಪರಿಸರವನ್ನು ಅನುಲಕ್ಷಿಸಿ)

ಕನ್ನಡದಲ್ಲಿ ಸ್ಥಳನಾಮಗಳ ಅಧ್ಯಯನಕ್ಕೆ ಗಣನೀಯವಾದ ಪರಂಪರೆಯಿದೆ. ಶಂ.ಬಾ. ಜೋಶಿಯವರು ಊರಹೆಸರುಗಳನ್ನು ಆಧಾರವಾಗಿಟ್ಟುಕೊಂಡು ಕನ್ನಡ ನಾಡಿನ ಪ್ರಾಚೀನ ವ್ಯಾಪ್ತಿಯನ್ನು ಕುರಿತು ವಾದ ಮಂಡಿಸಿದರು. ಸೇಡಿಯಾಪು ಕೃಷ್ಣಭಟ್ಟರು ‘ಕೆಲವು ದೇಶನಾಮಗಳು’ ಕೃತಿಯಲ್ಲಿ ನಾಡು-ಊರುಗಳ ಹೆಸರುಗಳನ್ನು ಶಬ್ದಶಾಸ್ತ್ರದ ಒರೆಗೆ ಹಚ್ಚಿದರು. ಎಂ.ಎಂ. ಕಲಬುರ್ಗಿಯವರ ‘ಕನ್ನಡ ನಾಮವಿಜ್ಞಾನ’ ಈ ಕ್ಷೇತ್ರಕ್ಕೊಂದು ಶಾಸ್ತ್ರೀಯ ಚೌಕಟ್ಟನ್ನು ಒದಗಿಸಿತು. ಇವರೆಲ್ಲರ ಪ್ರಶ್ನೆಗಳು ಬೇರೆ ಬೇರೆಯಾಗಿದ್ದರೂ ಅವರ ಬೆನ್ನಿಗೆ ಬಂದ ಎಂ.ಫಿಲ್., ಪಿಎಚ್.ಡಿ. ನಿಬಂಧಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯ ಸುತ್ತ ಸುತ್ತಿವೆ: ಈ ಹೆಸರು ಹೇಗೆ ಬಂತು? ಹೆಸರನ್ನು ಪೂರ್ವಪದ, ಉತ್ತರಪದ ಎಂದು ಒಡೆಯುವುದು, ಉತ್ತರಪದಗಳನ್ನು ಊರು, ಹಳ್ಳಿ, ಕೆರೆ, ಕಟ್ಟೆ ಎಂದು ವರ್ಗೀಕರಿಸುವುದು, ಪೂರ್ವಪದಕ್ಕೆ ಸಸ್ಯ, ಪ್ರಾಣಿ, ದೇವತೆ, ವ್ಯಕ್ತಿ ಎಂಬ ಮೂಲಗಳನ್ನು ತೋರಿಸುವುದು, ಕೊನೆಗೊಂದು ಪಟ್ಟಿ. ಈ ಮಾದರಿ ಎಷ್ಟು ರೂಢವಾಗಿದೆಯೆಂದರೆ ತಾಲ್ಲೂಕಿನ ಹೆಸರೊಂದನ್ನು ಬದಲಿಸಿದರೆ ಇನ್ನೊಂದು ನಿಬಂಧ ಸಿದ್ಧವಾಗುತ್ತದೆ.

ವಿಶ್ವವಿದ್ಯಾಲಯದ ಹೊರಗೆ ಸ್ಥಳನಾಮವನ್ನು ಹಿಡಿದುಕೊಂಡು ಅಲೆಯುವವರ ಪ್ರಶ್ನೆ ಇದಲ್ಲ. ಅಜ್ಜಿಯ ಬಾಯಿಂದ ಕೇಳಿದ ಒಂದು ಹೆಸರು, ಹಳೆಯ ಗೇಣಿಚೀಟಿಯಲ್ಲಿ ಅರ್ಧ ಅಳಿಸಿದ ಇನ್ನೊಂದು ಹೆಸರು, ಮುಂಬಯಿಯಲ್ಲಿ ಹುಟ್ಟಿದ ತಂದೆಯ ಶಾಲಾ ದಾಖಲೆಯಲ್ಲಿ ಇಂಗ್ಲಿಷಿನಿಂದ ವಿಕೃತಗೊಂಡ ಮತ್ತೊಂದು ಹೆಸರು. ಇವು ಒಂದೇ ಊರೇ, ಮೂರು ಊರೇ? ಅದು ಈಗ ಎಲ್ಲಿದೆ? ಅದರ ದಾಖಲೆ ಯಾವ ಕಚೇರಿಯಲ್ಲಿ ಸಿಗುತ್ತದೆ? ಮನೆತನದ ಚರಿತ್ರೆಯನ್ನು ಹುಡುಕುವವರ ಪ್ರಶ್ನೆ ಇದು. ಹೆಸರಿನ ನಿಷ್ಪತ್ತಿಗಿಂತ ಅದರ ನೆಲೆ ಇಲ್ಲಿ ಮುಖ್ಯ. ಈ ಪ್ರಶ್ನೆಗೆ ಉತ್ತರಿಸುವ ಸಾಧನವನ್ನು ಕನ್ನಡ ಅಧ್ಯಯನ ಇದುವರೆಗೆ ಸಿದ್ಧಪಡಿಸಿಲ್ಲ. ಸಿದ್ಧಪಡಿಸುವುದು ತನ್ನ ಕೆಲಸವೆಂದು ಭಾವಿಸಿದಂತೆಯೂ ಕಾಣುವುದಿಲ್ಲ. ಈ ಕೊರತೆ ಎಷ್ಟು ಆಳವಾದುದೆಂಬುದನ್ನು ಉಡುಪಿ ಜಿಲ್ಲೆಯ ಹಂಗಾರಕಟ್ಟೆ ಮತ್ತು ಅದರ ಆಸುಪಾಸಿನ ಹೆಸರುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸಬಹುದು.

ಸೀತಾ ಮತ್ತು ಸ್ವರ್ಣಾ ನದಿಗಳು ಒಂದಾಗಿ ಕಡಲು ಸೇರುವ ಅಳಿವೆಯ ಬಳಿ, ಸೀತಾನದಿಯ ದಡದಲ್ಲಿ ಹಂಗಾರಕಟ್ಟೆ ಇದೆ. ಎದುರು ದಡದಲ್ಲಿ ಕಡಲು ಮತ್ತು ಹೊಳೆಗಳ ನಡುವೆ ನಾಲಗೆಯಂತೆ ಚಾಚಿಕೊಂಡಿರುವುದು ಕೋಡಿಬೆಂಗ್ರೆ. ಒಳನಾಡಿನಲ್ಲಿ, ಅದೇ ಸೀತಾನದಿಯ ಪಾತ್ರದಲ್ಲಿ, ಆಳುಪರ ರಾಜಧಾನಿಯೂ ವಿಜಯನಗರದ ಕಾಲದ ರಾಜ್ಯಕೇಂದ್ರವೂ ಆಗಿದ್ದ ಬಾರಕೂರು. ಬಾರಕೂರಿಗೆ ಕಡಲ ಬಾಗಿಲು ಈ ಅಳಿವೆಯೇ ಆಗಿದ್ದಿರಬೇಕೆಂಬುದು ಭೂಗೋಳವನ್ನು ನೋಡಿದರೇ ತಿಳಿಯುತ್ತದೆ.

ಹಂಗಾರಕಟ್ಟೆ ಎಂಬ ಹೆಸರನ್ನು ರೂಢಿಯ ಮಾದರಿಯಲ್ಲಿ ಒಡೆಯುವುದು ಕಷ್ಟವಲ್ಲ. ಮರಾಠಿಯಲ್ಲಿ ‘ಪಾಂಗಾರಾ’, ತುಳುವಿನಲ್ಲಿ ‘ಪೊಂಗಾರೆ’, ಕನ್ನಡದಲ್ಲಿ ‘ಹೊಂಗಾರೆ’ ಎಂದೂ ಹಾಲುವಾಣವೆಂದೂ ಕರೆಯುವ ಕೆಂಪು ಹೂವಿನ ಮರವೊಂದಿದೆ. ಬೇಲಿಗೆ ನೆಡುವ, ಮೆಣಸಿನ ಬಳ್ಳಿಗೆ ಆಸರೆಯಾಗುವ ಮರ. ಆದಿಯ ಪಕಾರ ಕನ್ನಡದಲ್ಲಿ ಹಕಾರವಾಗುವುದು, ತುಳುವಿನಲ್ಲಿ ಉಳಿಯುವುದು ವಿದ್ಯಾರ್ಥಿಗಳೂ ಬಲ್ಲ ನಿಯಮ. ಈ ಮರದ ಕಟ್ಟೆಯೇ ಹಂಗಾರಕಟ್ಟೆ ಎನ್ನಬಹುದು. ‘ಕಟ್ಟೆ’ ಎಂದರೆ ಮರದ ಬುಡದ ಜಗಲಿ ಮಾತ್ರವಲ್ಲ. ನೀರಿಗೆ ಅಡ್ಡಲಾಗಿ ಹಾಕಿದ ಒಡ್ಡೂ ಕಟ್ಟೆಯೇ, ಸುಂಕ ವಸೂಲಿಯ ಠಾಣೆಯೂ ಕಟ್ಟೆಯೇ. ಬಂದರಿನ ಮಟ್ಟಿಗೆ ಮೂರನೆಯ ಅರ್ಥ ಮನಸ್ಸನ್ನು ಹೆಚ್ಚು ಸೆಳೆಯುತ್ತದೆ. ಆದರೆ ದಿನಾಂಕವುಳ್ಳ ಹಳೆಯ ರೂಪವೊಂದು ಕೈಗೆ ಸಿಗುವವರೆಗೆ ಇವೆಲ್ಲವೂ ಊಹೆಗಳೇ. ಹೋಗಲಿ, ನಿಷ್ಪತ್ತಿ ಖಚಿತವಾಯಿತೆಂದೇ ಇಟ್ಟುಕೊಂಡರೂ, ತನ್ನ ಮುತ್ತಜ್ಜ ‘ಹಂಗಾರಕಟ್ಟೆಯವರು’ ಎಂದಷ್ಟೇ ಬಲ್ಲವನಿಗೆ ಅದರಿಂದ ದೊರೆಯುವ ನೆರವೇನು?

ಹಾಗೆ ಹುಡುಕಿಕೊಂಡು ಬಂದವನಿಗೆ ಮೊದಲು ಎದುರಾಗುವ ತೊಡಕೆಂದರೆ, ಕಂದಾಯ ಇಲಾಖೆಯ ದೃಷ್ಟಿಯಲ್ಲಿ ಹಂಗಾರಕಟ್ಟೆ ಒಂದು ಗ್ರಾಮವೇ ಅಲ್ಲ. ಅದು ಐರೋಡಿ ಗ್ರಾಮದ ಭಾಗ. ಪಹಣಿಯನ್ನು ಹುಡುಕಬೇಕಾದದ್ದು ಐರೋಡಿಯ ಹೆಸರಿನಲ್ಲಿ. ಇಂಗ್ಲಿಷ್ ಕಾಗದಪತ್ರಗಳಲ್ಲಿ ‘ಹಂಗರ್‌ಕಟ್ಟಾ’ ಎಂದು ಬಂದರಾಗಿ ಕಾಣಿಸಿಕೊಳ್ಳುವ ಹೆಸರು ಭೂದಾಖಲೆಯಲ್ಲಿ ಮಾಯವಾಗುತ್ತದೆ. ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದುದು. ಮುತ್ತಜ್ಜ ‘ಹಂಗಾರಕಟ್ಟೆಯಿಂದ ಹೋದವರು’ ಎಂದರೆ ಅವರು ಅಲ್ಲಿ ವಾಸಿಸಿದ್ದರು ಎಂದೇನೂ ಅರ್ಥವಲ್ಲ. ಮಂಜಿಯನ್ನೋ ಪತ್ತೆಮಾರಿಯನ್ನೋ ಏರಿದ ಜಾಗ ಅದು. ಮನೆಯಿದ್ದದ್ದು ಎರಡು ಹರಿದಾರಿ ಒಳಗೆ ಬೇರಾವುದೋ ಬೈಲಿನ ಅಂಚಿನಲ್ಲಿ ಇದ್ದಿರಬಹುದು. ದೂರ ಹೋದವರ ನೆನಪಿನಲ್ಲಿ ಉಳಿಯುವುದು ಎಷ್ಟೋ ವೇಳೆ ಹೊರಟ ಮನೆಯ ಹೆಸರಿಗಿಂತ ಹೊರಟ ದಾರಿಯ ಹೆಸರು: ಬಂದರು, ಕಡವು, ಸಂತೆ, ದೇವಸ್ಥಾನ. ಮುಂದಿನ ಪೀಳಿಗೆಗೆ ಅದೂ ಸವೆದು ‘ಉಡುಪಿ ಕಡೆಯವರು’, ಬಯಲುಸೀಮೆಯಲ್ಲಾದರೆ ‘ಘಟ್ಟದ ಕೆಳಗಿನವರು’, ಇನ್ನೂ ದೂರ ಹೋದರೆ ‘ಮಂಗಳೂರಿನವರು’ ಎಂದಾಗುತ್ತದೆ. ಕೇಳುವವನಿಗೆ ಗೊತ್ತಿರುವ ಅತ್ಯಂತ ಸಮೀಪದ ದೊಡ್ಡ ಹೆಸರನ್ನು ಹೇಳುವುದು ಲೋಕರೂಢಿ. ಹಾಗೆ ಹೇಳಿದ ಹೆಸರು ಎರಡು ತಲೆಮಾರು ಕಳೆದ ಮೇಲೆ ಮೂಲಸ್ಥಾನವೆಂಬ ಗೌರವ ಪಡೆದುಬಿಡುತ್ತದೆ.

ಆಡಳಿತದ ಗಡಿಗಳ ಬದಲಾವಣೆ ಇದಕ್ಕೆ ಸೇರಿಕೊಳ್ಳುತ್ತದೆ. 1799ರಲ್ಲಿ ಟಿಪ್ಪುವಿನ ಪತನದ ಬಳಿಕ ಈ ಪ್ರದೇಶ ಕಂಪನಿಯ ಕೆನರಾ ಜಿಲ್ಲೆಗೆ ಸೇರಿತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಆಧಿಪತ್ಯಕ್ಕೆ ಹೋದಾಗ ಕುಂದಾಪುರ ತಾಲ್ಲೂಕು ದಕ್ಷಿಣದೊಂದಿಗೆ ಮದ್ರಾಸಿನಲ್ಲಿಯೇ ಉಳಿಯಿತು. 1956ರಲ್ಲಿ ಮೈಸೂರು ರಾಜ್ಯ, 1973ರಲ್ಲಿ ಕರ್ನಾಟಕವೆಂಬ ಹೆಸರು, 1997ರಲ್ಲಿ ಉಡುಪಿ ಜಿಲ್ಲೆ, 2018ರ ಹೊತ್ತಿಗೆ ಬ್ರಹ್ಮಾವರ ಮತ್ತು ಬೈಂದೂರು ತಾಲ್ಲೂಕುಗಳು. ಹಂಗಾರಕಟ್ಟೆಯ ಒಂದು ಮನೆ ತನ್ನ ಅಡಿಪಾಯದಿಂದ ಅಂಗುಲವೂ ಕದಲದೆ ಮದ್ರಾಸು, ಮೈಸೂರು, ಕರ್ನಾಟಕ ಎಂಬ ಮೂರು ರಾಜ್ಯನಾಮಗಳನ್ನೂ ಉಡುಪಿ, ಬ್ರಹ್ಮಾವರ ಎಂಬ ಎರಡು ತಾಲ್ಲೂಕುಗಳನ್ನೂ ಕಂಡಿದೆ. ಇದಕ್ಕೂ ಹಿಂದಿನ ಪತ್ರಗಳಲ್ಲಿ ತಾಲ್ಲೂಕಿಗೆ ಬದಲಾಗಿ ಸೀಮೆ, ಮಾಗಣೆಗಳ ಹೆಸರು ಬರುತ್ತವೆ. ಕೋಟದ ಕಡೆಯ ವ್ಯವಹಾರಗಳಲ್ಲಿ ‘ಹದಿನಾಲ್ಕು ಗ್ರಾಮ’ ಎಂಬ ಮಾತು ಇಂದಿಗೂ ಜೀವಂತ. ಮಾಗಣೆಯ ಎಲ್ಲೆಗೂ ಇಂದಿನ ಹೋಬಳಿ, ಪಂಚಾಯತಿಗಳ ಎಲ್ಲೆಗೂ ತಾಳೆಯಿಲ್ಲ. ಯಾವ ಮಾಗಣೆಯಲ್ಲಿ ಯಾವ ಯಾವ ಗ್ರಾಮಗಳಿದ್ದವು, ಅವು ಇಂದು ಯಾವ ಹೆಸರಿನಲ್ಲಿವೆ ಎಂಬ ಒಂದು ಕೋಷ್ಟಕವಿದ್ದರೆ ಹುಡುಕುವವರ ಅರ್ಧ ಶ್ರಮ ಉಳಿಯುತ್ತಿತ್ತು.

ಭಾಷೆಗಳ ವಿಚಾರವೂ ಇದೆ. ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಳ, ಬ್ಯಾರಿಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರಂ. ದೊಡ್ಡ ಊರಾದ ಕಾರಣ ಈ ಸಮೀಕರಣ ಎಲ್ಲರಿಗೂ ಗೊತ್ತು. ಬ್ರಹ್ಮಾವರದ ಆಸುಪಾಸು ತುಳುವೂ ಕುಂದಾಪುರ ಕನ್ನಡವೂ ಸಂಧಿಸುವ, ಕೊಂಕಣಿ ಮನೆಗಳೂ ಧಾರಾಳವಾಗಿರುವ ಪ್ರದೇಶ. ಸಣ್ಣ ಕೇರಿಗೂ ಇಲ್ಲಿ ಎರಡು ಮೂರು ಹೆಸರಿರಬಹುದು. ಅವುಗಳ ಸಮೀಕರಣವನ್ನು ಬಲ್ಲವರು ಆ ಕೇರಿಯ ಹಿರಿಯರು ಮಾತ್ರ.

ಗ್ರಾಮದಿಂದ ಕೆಳಗಿಳಿದರೆ ಸಮಸ್ಯೆ ನಿಜವಾದ ಅರ್ಥದಲ್ಲಿ ಆರಂಭವಾಗುತ್ತದೆ. ಈ ಪರಿಸರದ ಹೆಸರುಗಳಲ್ಲಿ ಹೆಚ್ಚಿನವು ಮೂಲದಲ್ಲಿ ಅಂಕಿತನಾಮಗಳಲ್ಲ, ರೂಢನಾಮಗಳು. ಕೋಡಿ ಎಂದರೆ ತುದಿ. ಕುಂದಾಪುರಕ್ಕೊಂದು ಕೋಡಿ, ಕೋಟದ ಕಡೆ ಕೋಡಿ ಕನ್ಯಾನ, ಅಳಿವೆಯ ಆಚೆಗೆ ಕೋಡಿಬೆಂಗ್ರೆ. ಬೆಂಗ್ರೆ ಎಂದರೆ ನೀರಿನ ನಡುವೆ ಚಾಚಿದ ಮರಳುದಿಣ್ಣೆ. ಮಂಗಳೂರಿನ ಅಳಿವೆಯಲ್ಲೂ ಬೆಂಗ್ರೆಗಳಿವೆ. ಕುದ್ರು ಎಂದರೆ ಹೊಳೆಯೊಳಗಿನ ನಡುಗಡ್ಡೆ. ಹಂಗಾರಕಟ್ಟೆಗೆ ತಾಗಿಕೊಂಡ ಬಾಳೆಕುದ್ರು ಅಲ್ಲಿಯ ಮಠದಿಂದಾಗಿ ಪ್ರಸಿದ್ಧವಾಗಿದೆ, ಹೆಸರು ಹೊರಗೆ ಕೇಳದ ಕುದ್ರುಗಳು ಹೊಳೆಯುದ್ದಕ್ಕೂ ಇವೆ. ಪಡುಕೆರೆ ಮಲ್ಪೆಯಲ್ಲೂ ಇದೆ, ಕೋಟದಲ್ಲೂ ಇದೆ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯ ಮೂರು ತಲೆಮಾರುಗಳ ಕಥೆ ಕೋಡಿಯಲ್ಲಿ ನಡೆಯುತ್ತದೆಂದು ಪಾಠ ಹೇಳುವ ಅಧ್ಯಾಪಕರಲ್ಲಿ ‘ಯಾವ ಕೋಡಿ?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದರೆ ಅದನ್ನು ಹುಡುಗಾಟದ ಪ್ರಶ್ನೆ ಎನ್ನಲಾಗದು.

ಗದ್ದೆಗಳ ಹೆಸರು ಇನ್ನೂ ಕ್ಲಿಷ್ಟ. ನೀರಿನ ಅನುಕೂಲವನ್ನು ನೋಡಿ ಕರಾವಳಿಯ ಭತ್ತದ ಭೂಮಿಯನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸುವುದು ಸರ್ವವಿದಿತ. ಮನೆಯ ಹೆಸರುಗಳು ಈ ವಿಂಗಡಣೆಯಿಂದಲೇ ಹುಟ್ಟಿವೆ: ಬೈಲುಮನೆ, ಮಜಲುಮನೆ, ಬೆಟ್ಟಿನಮನೆ. ಪ್ರತಿ ಗ್ರಾಮದಲ್ಲಿಯೂ ಒಂದು ಬೈಲುಮನೆ ಇದ್ದೇ ಇದೆ. ಅಳಿಯಸಂತಾನದ ಕುಟುಂಬಗಳಿಗೆ ಈ ಮನೆಯ ಹೆಸರೇ ಆಧಾರ. ಶೆಟ್ಟಿ, ಹೆಗ್ಡೆ ಎಂಬ ಉಪನಾಮಗಳು ಕುಲವನ್ನು ಸೂಚಿಸುತ್ತವೆಯೇ ಹೊರತು ಮನೆಯನ್ನಲ್ಲ. ವಂಶ ಹರಿಯುವುದು ತಾಯಿಯ ಕಡೆಯಿಂದ, ಆದ್ದರಿಂದ ತಂದೆಯ ಹೆಸರಿನ ಜಾಡು ಹಿಡಿದು ಹೋದವನು ಎರಡನೆಯ ತಲೆಮಾರಿಗೇ ದಾರಿ ತಪ್ಪುತ್ತಾನೆ. 1949ರ ಮದ್ರಾಸು ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯನ್ನು ಕವರುಗಳ ನಡುವೆ ಪಾಲು ಮಾಡಿಕೊಳ್ಳಲು ಅವಕಾಶವಿತ್ತ ಬಳಿಕ ಹುಟ್ಟಿದ ಪಾಲುಪಟ್ಟಿಗಳು ಈ ದೃಷ್ಟಿಯಿಂದ ಅಮೂಲ್ಯ ಆಕರಗಳು. ಒಂದೊಂದರಲ್ಲಿಯೂ ಹಿರಿಯ ಹೆಂಗಸಿನಿಂದ ಆರಂಭವಾಗುವ ವಂಶಾವಳಿಯಿದೆ, ಅದರ ಕೆಳಗೆ ಹೆಸರು ಹಿಡಿದು ಬರೆದ ಗದ್ದೆಗಳ ಪಟ್ಟಿಯಿದೆ. ಇಂಥ ಪತ್ರಗಳನ್ನು ವಕೀಲರು ಓದುತ್ತಾರೆ. ಕನ್ನಡ ಸಂಶೋಧಕರು ಅವುಗಳನ್ನು ಪಠ್ಯವೆಂದು ಪರಿಗಣಿಸಿದ್ದು ಕಡಿಮೆ.

ಊರನ್ನೇ ಉಪನಾಮವಾಗಿ ಧರಿಸಿದವರ ಪಾಡು ಸುಲಭವೆಂದು ತೋರಬಹುದು. ಚಿತ್ರಾಪುರ ಸಾರಸ್ವತ ಸಮುದಾಯದಲ್ಲಿ ಹಿಂದಿನ ಕುಂದಾಪುರ ತಾಲ್ಲೂಕಿನ ನಕಾಶೆಯೇ ಉಪನಾಮಗಳಾಗಿ ಹರಡಿಕೊಂಡಿದೆ: ಬಿಜೂರು, ತ್ರಾಸಿ, ಹೆಮ್ಮಾಡಿ, ಪಡುಕೋಣೆ, ಬಸ್ರೂರು, ಗುಲ್ವಾಡಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ‘ಇಂದಿರಾಬಾಯಿ’ (1899) ಬರೆದ ವೆಂಕಟರಾಯರ ಹೆಸರಿನ ಮೊದಲಿಗೆ ಗುಲ್ವಾಡಿ ಬಂದದ್ದು ಹೀಗೆ. ಚಲನಚಿತ್ರ ನಿರ್ದೇಶಕ ಗುರುದತ್ತರ ಮೂಲ ಹೆಸರು ವಸಂತಕುಮಾರ ಶಿವಶಂಕರ ಪಡುಕೋಣೆ. ಅವರು 1925ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ, ಬಾಲ್ಯ ಕಳೆದದ್ದು ಕಲ್ಕತ್ತೆಯಲ್ಲಿ. ಗಿರೀಶ ಕಾರ್ನಾಡರ ಹೆಸರಿನ ಊರು ಮೂಲ್ಕಿಯ ಬಳಿ ಇದೆ, ಅವರ ಬಾಲ್ಯ ಶಿರಸಿಯದು. ಉಪನಾಮದ ಊರು ಕುಟುಂಬದ ಯಾವುದೋ ಒಂದು ಕಾಲದ ತಂಗುದಾಣ. ಅದಕ್ಕೂ ಹಿಂದಿನದನ್ನು ಅದು ಹೇಳುವುದಿಲ್ಲ, ಮುಂದಿನದನ್ನೂ ಹೇಳುವುದಿಲ್ಲ. ಜೊತೆಗೆ ರೂಪ ಬೇರೆ ಸವೆಯುತ್ತದೆ. ಹಟ್ಟಿಯಂಗಡಿ ಎಂಬ ಊರು ಮುಂಬಯಿಯ ನಾಮಫಲಕಗಳಲ್ಲಿ ‘ಹಟ್ಟಂಗಡಿ’ ಎಂದಾಗಿದೆ. ಅಂಗಡಿಯೆಂದರೆ ಪೇಟೆ ಎಂಬ ಹಳೆಯ ಅರ್ಥ ಅದನ್ನು ಧರಿಸಿದವರಿಗೂ ಮರೆತಿರಬಹುದು.

ಇಷ್ಟಕ್ಕೆ ಹೋಲಿಸಿದರೆ ಯಕ್ಷಗಾನದವರ ರೂಢಿ ಹೆಚ್ಚು ನಿಷ್ಠುರವಾದುದು. ಹಾರಾಡಿ ರಾಮ ಗಾಣಿಗ, ಐರೋಡಿ ಗೋವಿಂದಪ್ಪ ಎಂಬಲ್ಲಿ ಊರಿನ ಹೆಸರು ಕಲಾವಿದನ ಗುರುತಾಗಿ ಮುಂದೆ ನಿಲ್ಲುತ್ತದೆ. ಹಾರಾಡಿ, ಮಟಪಾಡಿಗಳು ತಿಟ್ಟುಗಳ ಹೆಸರಾಗಿಯೇ ಸ್ಥಿರಗೊಂಡಿವೆ. ಬ್ರಹ್ಮಾವರದ ಸುತ್ತಲಿನ ಈ ಸಣ್ಣ ಊರುಗಳ ಹೆಸರು ರಾಜ್ಯದ ಆಚೆಗೂ ಪರಿಚಿತವಾಗಿದ್ದರೆ ಅದಕ್ಕೆ ಕಂದಾಯ ಇಲಾಖೆ ಕಾರಣವಲ್ಲ. ಮೇಳಗಳ ಹಳೆಯ ಕರಪತ್ರಗಳನ್ನು ಯಾರಾದರೂ ಈ ಉದ್ದೇಶದಿಂದ ಓದಿದರೆ ಸ್ಥಳನಾಮಗಳ ಒಳ್ಳೆಯ ಸಂಗ್ರಹವೊಂದು ಸಿಕ್ಕೀತು.

ಸಣ್ಣ ಹೆಸರು ಕಳೆದುಹೋಗುವುದು ಒಂದು ಅಪಾಯವಾದರೆ ದೊಡ್ಡ ಹೆಸರು ಎಲ್ಲವನ್ನೂ ನುಂಗುವುದು ಇನ್ನೊಂದು. ಈ ಭಾಗದಲ್ಲಿ ಆ ದೊಡ್ಡ ಹೆಸರು ಬಾರಕೂರು. ಎಷ್ಟೋ ಮನೆತನಗಳ ಐತಿಹ್ಯ ‘ಬಾರಕೂರಿನಿಂದ ಬಂದವರು’ ಎಂದೇ ತೊಡಗುತ್ತದೆ. ಅಳಿಯಸಂತಾನದ ಕಟ್ಟನ್ನು ವಿಧಿಸಿದನೆನ್ನಲಾದ ಭೂತಾಳಪಾಂಡ್ಯನ ಕಥೆಯೂ ಬಾರಕೂರಿನಲ್ಲಿಯೇ ನೆಲೆಗೊಂಡಿದೆ. ಆ ಕಟ್ಟುಕಟ್ಟಳೆಯ ಪ್ರಾಚೀನತೆಯನ್ನು ಚರಿತ್ರಕಾರರು ಒಪ್ಪಿಲ್ಲವಾದರೂ ಕಥೆಯ ಸೆಳೆತ ತಗ್ಗಿಲ್ಲ. ಇಲ್ಲಿ ಒಂದು ವಿವೇಕ ಅಗತ್ಯ. ವಿಜಯನಗರದ ಕಾಲದಲ್ಲಿ ಬಾರಕೂರು ಒಂದು ಪಟ್ಟಣದ ಹೆಸರು ಮಾತ್ರವಾಗಿರಲಿಲ್ಲ, ವಿಶಾಲವಾದ ರಾಜ್ಯವಿಭಾಗದ ಹೆಸರೂ ಆಗಿತ್ತು. ಹಾಗಾದರೆ ಐತಿಹ್ಯದ ಬಾರಕೂರು ಯಾವುದು? ಮಣಿಗಾರಕೇರಿ, ಚೌಳಿಕೇರಿ, ಕೋಟೆಕೇರಿಗಳಿದ್ದ ಪಟ್ಟಣವೇ, ಆ ಪಟ್ಟಣದ ಅಧಿಕಾರ ನಡೆಯುತ್ತಿದ್ದ ಸೀಮೆಯೇ? ‘ದಕ್ಷಿಣ ಭಾರತದ ಶಾಸನಗಳು’ ಮಾಲೆಯ ಏಳನೆಯ ಸಂಪುಟದಲ್ಲಿರುವ ಬಾರಕೂರಿನ ಶಾಸನಗಳನ್ನು ಕೇರಿ, ಗ್ರಾಮ, ಗದ್ದೆಗಳ ಹೆಸರಿಗಾಗಿಯೇ ಮತ್ತೊಮ್ಮೆ ಓದುವುದು ಸಾಧ್ಯವಿದೆ. ಪಿ. ಗುರುರಾಜ ಭಟ್ಟರಾಗಲಿ ಕೆ.ವಿ. ರಮೇಶರಾಗಲಿ ಅವುಗಳನ್ನು ಓದಿದ್ದು ರಾಜಕೀಯ, ಸಾಂಸ್ಕೃತಿಕ ಚರಿತ್ರೆಗಾಗಿ. ಅವರ ಅಗತ್ಯ ಬೇರೆಯಾಗಿತ್ತು.

ಒಂದು ಹೆಸರು ಎಷ್ಟು ವೇಷ ಧರಿಸಬಲ್ಲುದೆಂಬುದಕ್ಕೂ ಬಾರಕೂರೇ ನಿದರ್ಶನ. ಶಾಸನಗಳ ಸಂಸ್ಕೃತೀಕೃತ ರೂಪ ಬಾರಹಕನ್ಯಾಪುರ. 1340ರ ದಶಕದ ಆರಂಭದಲ್ಲಿ ಈ ಕರಾವಳಿಯನ್ನು ಹಾದುಹೋದ ಇಬ್ನ್ ಬತೂತಾ ಹೇಳುವ ‘ಫಾಕನೂರ್’ ಬಾರಕೂರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಾದುಹೋಗುವ ಹಡಗುಗಳು ಅಲ್ಲಿ ತಂಗಿ ಅರಸನಿಗೆ ಕಾಣಿಕೆ ಸಲ್ಲಿಸಬೇಕಾಗಿತ್ತು, ಅದಕ್ಕೆ ಬಂದರಿನ ಹಕ್ಕೆಂದು ಹೆಸರು ಎಂದು ಅವನು ದಾಖಲಿಸಿದ್ದಾನೆ. ಹಂಗಾರಕಟ್ಟೆಯ ‘ಕಟ್ಟೆ’ಯನ್ನು ಕುರಿತು ಊಹಿಸುವವರು ಈ ಮಾತನ್ನು ಮನಸ್ಸಿನಲ್ಲಿಡುವುದು ಒಳ್ಳೆಯದು. ಪೋರ್ಚುಗೀಸರ ಬರಹದಲ್ಲಿ ಬಾರಕೂರು ‘ಬಕನೋರ್’ ಆಯಿತು, ಬಸ್ರೂರು ‘ಬಾರ್ಸೆಲೋರ್’ ಆಯಿತು. ಬಾರ್ಸೆಲೋರ್ ಎಂಬುದನ್ನು ಬಾರಕೂರೆಂದು ಭ್ರಮಿಸುವ ಅಪಾಯ ಸ್ಪಷ್ಟವಾಗಿದೆ. ಧ್ವನಿಸಾಮ್ಯವೊಂದನ್ನೇ ನಂಬಿದವರು ಹಾಗೆ ಭ್ರಮಿಸಿದರೆ ಅಚ್ಚರಿಯೇನಿಲ್ಲ. 1886ರಲ್ಲಿ ಯೂಲ್ ಮತ್ತು ಬರ್ನೆಲ್ ತಮ್ಮ ‘ಹಾಬ್ಸನ್-ಜಾಬ್ಸನ್’ ಕೋಶದಲ್ಲಿ ಇವೆರಡಕ್ಕೂ ಪ್ರತ್ಯೇಕ ಉಲ್ಲೇಖ ಕೊಟ್ಟು, ಯಾವ ಗ್ರಂಥದಲ್ಲಿ ಯಾವ ವರ್ಷ ಯಾವ ರೂಪ ಬಂದಿದೆ ಎಂಬುದನ್ನು ಕ್ರಮವಾಗಿ ಜೋಡಿಸಿಟ್ಟರು. ವಸಾಹತುಶಾಹಿಯ ಕುರಿತು ಎಷ್ಟೇ ಟೀಕೆಯಿದ್ದರೂ ಈ ವಿಧಾನ ಸ್ವೀಕಾರಾರ್ಹ: ದಿನಾಂಕ ಸಹಿತವಾದ ರೂಪಗಳು ಮೊದಲು, ಊಹೆ ಆಮೇಲೆ.

ಕನ್ನಡ ವಿಭಾಗವೊಂದರ ವಿದ್ವತ್ತು ಇಂಥ ಹುಡುಕಾಟಕ್ಕೆ ನೆರವಾದ ಉಜ್ವಲ ಉದಾಹರಣೆಯೂ ಕರಾವಳಿಯಲ್ಲಿಯೇ ಇದೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯೆಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಗೆನಿಜಾ ಸಂಗ್ರಹದಲ್ಲಿ ಉಳಿದಿದ್ದವು. ಅವುಗಳಲ್ಲಿ ಮೂರು ವ್ಯಂಜನಗಳಲ್ಲಿ ಮಾತ್ರ ಬರೆದಿದ್ದ ಒಬ್ಬ ಸೇವಕನ ಹೆಸರನ್ನು ಹೇಗೆ ಓದಬೇಕು, ಅವನು ಎಲ್ಲಿಯವನು ಎಂಬ ಪ್ರಶ್ನೆ ಹಿಡಿದು ಅಮಿತಾವ್ ಘೋಷ್ ಮಂಗಳೂರಿಗೆ ಬಂದರು. ಆ ಹೆಸರನ್ನು ಬೊಮ್ಮ ಎಂದು ಓದುವುದಕ್ಕೆ ತುಳುನ���ಡಿನ ಶಾಸನ ಮತ್ತು ಜಾನಪದಗಳ ಆಧಾರ ಒದಗಿಸಿದವರು ಪ್ರೊ. ಬಿ.ಎ. ವಿವೇಕ ರೈ. 1992ರಲ್ಲಿ ಪ್ರಕಟವಾದ ಘೋಷರ ಕೃತಿಯಲ್ಲಿ ಇದರ ಕಥನವಿದೆ. ಒಬ್ಬ ಅನಾಮಧೇಯನಿಗೆ ಎಂಟುನೂರು ವರ್ಷಗಳ ಬಳಿಕ ನೆಲೆ ದೊರೆಯುವುದಾದರೆ ನೂರು ವರ್ಷಗಳ ಹಿಂದೆ ಹಂಗಾರಕಟ್ಟೆಯಿಂದ ಹೊರಟವನಿಗೆ ದೊರೆಯದಿರಲು ಕಾರಣವಿಲ್ಲ. ಬೇಕಾದದ್ದು ಅಂಥ ವಿದ್ವತ್ತು ಒಬ್ಬರ ಸ್ಮೃತಿಯಲ್ಲಿರದೆ ಎಲ್ಲರಿಗೂ ಎಟುಕುವ ಆಕರವಾಗಿ ಸಿಗುವುದು.

ಈ ಆಕರವಿಲ್ಲದಿರುವುದರ ಪರಿಣಾಮ ಕೇವಲ ಬೌದ್ಧಿಕವಲ್ಲ. ಕರಾವಳಿಯ ಕುಟುಂಬಗಳಲ್ಲಿ ಮೂಲನಾಗನನ್ನು ಹುಡುಕುವ ಪದ್ಧತಿ ಕಳೆದ ಕೆಲವು ದಶಕಗಳಲ್ಲಿ ಬಲವಾಗಿ ಬೆಳೆದಿದೆ. ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಕುಟುಂಬ ಕಷ್ಟಕಾಲದಲ್ಲಿ ಜ್ಯೋತಿಷಿಯ ಬಳಿ ಹೋಗುತ್ತದೆ. ಮೂಲದ ನಾಗಬನಕ್ಕೆ ಸೇವೆ ನಿಂತಿದೆ ಎಂಬ ಉತ್ತರ ಬರುತ್ತದೆ. ಬನ ಎಲ್ಲಿದೆಯೆಂದು ಹುಡುಕಲು ಕೈಯಲ್ಲಿರುವುದು ಒಂದು ಹೆಸರು, ಅದೂ ಅಜ್ಜಿಯ ಉಚ್ಚಾರದಲ್ಲಿ. ಶ್ರದ್ಧೆಯ ಸರಿತಪ್ಪುಗಳನ್ನು ನಿರ್ಣಯಿಸುವುದು ಸಂಶೋಧನೆಯ ಕೆಲಸವಲ್ಲ. ಆದರೆ ಹೆಸರಿನಿಂದ ನೆಲಕ್ಕೆ ಹೋಗುವ ದಾರಿ ನಿಶ್ಚಯವಾಗಿ ಸಂಶೋಧನೆಯ ಕೆಲಸ. ಅದು ಆಗದಿರುವಲ್ಲಿ ‘ನೀರಿನ ಬದಿ, ಪಶ್ಚಿಮಕ್ಕೆ ಮರ, ಹತ್ತಿರದಲ್ಲಿ ದೈವಸ್ಥಾನ’ ಎಂಬ ಪ್ರಶ್ನಾಚಿಂತನೆಯ ಲಕ್ಷಣಗಳೇ ದಾಖಲೆಯ ಸ್ಥಾನವನ್ನು ಪಡೆಯುತ್ತವೆ. ಕರಾವಳಿಯಲ್ಲಿ ಈ ಲಕ್ಷಣಗಳಿಗೆ ಹೊಂದದ ಜಾಗವೇ ವಿರಳ. ಗುರುತು ತಪ್ಪಿದರೆ ಹಣ ಹೋಗುವುದಷ್ಟೇ ಅಲ್ಲ, ಬೇರೊಂದು ಕುಟುಂಬ ತಲೆಮಾರುಗಳಿಂದ ನಡೆದುಕೊಂಡು ಬಂದ ಜಾಗದ ಮೇಲೆ ಇನ್ನೊಂದು ಕುಟುಂಬದ ಹಕ್ಕುಸಾಧನೆ ಆರಂಭವಾಗುತ್ತದೆ. ಹೆಸರಿನ ತಪ್ಪು ಓದು ಇಲ್ಲಿ ಮನುಷ್ಯರ ನಡುವೆ ವ್ಯಾಜ್ಯವಾಗಿ ಪರಿಣಮಿಸುತ್ತದೆ.

ಮನೆತನದ ಚರಿತ್ರೆ ಎಂದೊಡನೆ ವಿಶ್ವವಿದ್ಯಾಲಯಗಳಲ್ಲಿ ಮೂಗು ಮುರಿಯುವವರಿದ್ದಾರೆ. ಅದು ಜಾತಿವೈಭವದ ಹಾಡಾಗುತ್ತದೆ, ದಾಖಲೆಯುಳ್ಳವರ ಚರಿತ್ರೆ ಮಾತ್ರವಾಗುತ್ತದೆ ಎಂಬುದು ಅವರ ಆಕ್ಷೇಪ. ಆಕ್ಷೇಪದಲ್ಲಿ ಹುರುಳಿದೆ, ಮಠ, ಗುತ್ತು, ವರ್ಗದಾರರ ಕಾಗದಗಳು ಉಳಿದಷ್ಟು ಒಕ್ಕಲಿನವರ ಕಾಗದಗಳು ಉಳಿದಿಲ್ಲ. ಆದರೆ ಇದಕ್ಕೆ ಪ್ರತಿಯಾದ ಒಂದು ಬೃಹತ್ ಆಕರವನ್ನು ಯಾರೂ ಗಮನಿಸಿದಂತಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ವಯ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿದರು. ಮೂಲಗೇಣಿ, ಚಾಲಗೇಣಿಗಳ ಅಡಿಯಲ್ಲಿ ತಲೆಮಾರುಗಳಿಂದ ದುಡಿದ ಕುಟುಂಬಗಳು ತಾವು ಉಳುವ ಭೂಮಿಯನ್ನು ತಮ್ಮದೆಂದು ಸರಕಾರದ ಮುಂದೆ ಹೇಳಿಕೊಂಡ ಮೊದಲ ಲಿಖಿತ ಸಂದರ್ಭ ಬಹಳಷ್ಟು ಮನೆಗಳಿಗೆ ಅದು. ಭೂನ್ಯಾಯಮಂಡಳಿಗಳ ಮುಂದೆ ಕೊಟ್ಟ ಹೇಳಿಕೆಗಳಲ್ಲಿ ಸರ್ವೆ ನಂಬರಿನ ಜೊತೆಗೆ ಗದ್ದೆಯ ಆಡುಹೆಸರೂ, ಯಾರ ಕಾಲದಿಂದ ಗೇಣಿ ಎಂಬ ವಿವರವೂ ಬರುತ್ತವೆ. ಒಕ್ಕಲಿನ ಮನೆತನದ ಚರಿತ್ರೆಗೆ ಇದಕ್ಕಿಂತ ಮಿಗಿಲಾದ ಆಕರ ಕಲ್ಪಿಸುವುದು ಕಷ್ಟ. ಭೂಮಿಯ ಗೇಣಿಯೂ ಇರದಿದ್ದ ಕೊರಗರಂಥ ಸಮುದಾಯಗಳ ವಿಷಯದಲ್ಲಿ ಇದೂ ಸಾಲದು. ಅಲ್ಲಿ ಉಳಿದಿರುವುದು ಮೌಖಿಕ ಪರಂಪರೆಯೊಂದೇ, ಆದ್ದರಿಂದ ಕ್ಷೇತ್ರಕಾರ್ಯ ಅಲ್ಲಿಂದಲೇ ಆರಂಭವಾಗತಕ್ಕದ್ದು.

ಬೇರೆಡೆ ಈ ಕೆಲಸ ನಡೆದ ರೀತಿಯನ್ನು ಸ್ಥೂಲವಾಗಿ ನೋಡಬಹುದು. 1923ರಲ್ಲಿ ಸ್ಥಾಪನೆಯಾದ ಇಂಗ್ಲೆಂಡಿನ ಸ್ಥಳನಾಮ ಸಂಘ ಒಂದೊಂದು ಕೌಂಟಿಗೆ ಸಂಪುಟಗಳನ್ನು ಹೊರತರುತ್ತ ಬಂದಿದೆ. ಪ್ರತಿ ಹೆಸರಿನ ಕೆಳಗೆ ದೊರೆತ ಹಳೆಯ ರೂಪಗಳು ವರ್ಷ ಸಹಿತ ಇರುತ್ತವೆ, ಹೊಲಗಳ ಹೆಸರುಗಳಿಗೂ ಸ್ಥಾನವಿದೆ. ಐರ್ಲೆಂಡಿನಲ್ಲಿ ಅರವತ್ತು ಸಾವಿರಕ್ಕೂ ಮಿಕ್ಕ ಸಣ್ಣ ಭೂವಿಭಾಗಗಳ ಹೆಸರುಗಳನ್ನು ಐರಿಷ್ ಮತ್ತು ಇಂಗ್ಲಿಷ್ ರೂಪಗಳೊಂದಿಗೆ ಸಾರ್ವಜನಿಕರಿಗೆ ಒದಗಿಸಲಾಗಿದೆ. ಕ್ಷಾಮದ ಕಾಲದಲ್ಲಿ ಅಮೆರಿಕಕ್ಕೆ ಹೋದವರ ವಂಶಜರು ಊರು ಹುಡುಕಿಕೊಂಡು ಬರುವಾಗ ಇದೇ ಅವರ ಕೈಪಿಡಿ. ಅಷ್ಟು ಹಣ, ಅಷ್ಟು ಜನ ನಮ್ಮ ವಿಭಾಗಗಳಿಗೆ ಎಲ್ಲಿಂದ ಬರಬೇಕು ಎಂಬ ಮಾತು ಕೂಡಲೇ ಕೇಳಿಬರುತ್ತದೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ಅವಧಿಯಲ್ಲಿ ತುಳು ನಿಘಂಟಿನ ಆರು ಸಂಪುಟಗಳನ್ನು ಹೊರತಂದುದನ್ನು ನೆನೆದರೆ ಈ ಮಾತು ಪೂರ್ತಿ ಒಪ್ಪತಕ್ಕದ್ದೆನಿಸುವುದಿಲ್ಲ.

ಇಡೀ ಕರ್ನಾಟಕದ ಕೋಶವನ್ನು ಯಾರೂ ಕೇಳುತ್ತಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ಒಂದು ಗ್ರಾಮವನ್ನು, ಉದಾಹರಣೆಗೆ ಐರೋಡಿಯನ್ನು, ಆರು ತಿಂಗಳ ಕಾಲ ಕೈಗೆತ್ತಿಕೊಳ್ಳಬಹುದು. ಹಂಗಾರಕಟ್ಟೆ ಎಂಬ ಉಲ್ಲೇಖದಲ್ಲಿ ಇರಬೇಕಾದದ್ದು ಇಷ್ಟು: ಅದು ಗ್ರಾಮವಲ್ಲ, ಐರೋಡಿಯೊಳಗಿನ ಬಂದರು ಎಂಬ ಸ್ಪಷ್ಟೀಕರಣ, 2018ಕ್ಕೆ ಮೊದಲು ಮತ್ತು ಆಮೇಲಿನ ತಾಲ್ಲೂಕು, ಹಳೆಯ ಮಾಗಣೆ, ಶಾಸನ, ಬಂದರುಪಟ್ಟಿ, ನೋಂದಾಯಿತ ಪತ್ರಗಳಲ್ಲಿ ಕಂಡ ರೂಪಗಳು ಮತ್ತು ಅವುಗಳ ವರ್ಷ, ಕುಂದಾಪುರ ಕನ್ನಡ, ತುಳು, ಕೊಂಕಣಿಗಳ ಉಚ್ಚಾರ, ಇಂಗ್ಲಿಷ್ ಅಕ್ಷರಗಳಲ್ಲಿ ಬಂದಿರುವ ವಿಕೃತಿಗಳು, ಈ ಬಂದರಿನ ಮೂಲಕ ಹೊರಟಿರಬಹುದಾದ ಸುತ್ತಲಿನ ಊರುಗಳು. ಅದರ ಕೆಳಗೆ ಮನೆ, ಗದ್ದೆ, ಕುದ್ರು, ಕಡವುಗಳ ಹೆಸರುಗಳು. ನಿಷ್ಪತ್ತಿಗೆ ಕೊನೆಯಲ್ಲಿ ಎರಡು ಸಾಲು ಸಾಕು, ಗೊತ್ತಿಲ್ಲದಿದ್ದರೆ ಬಿಟ್ಟುಬಿಡಬಹುದು. ಮೂವತ್ತು ವಿದ್ಯಾರ್ಥಿಗಳ ಒಂದು ತರಗತಿ ಹೀಗೆ ದುಡಿದರೆ ಸೀತಾನದಿಯ ಎರಡೂ ದಡಗಳ ಗ್ರಾಮಗಳು ಒಂದೆರಡು ವರ್ಷಗಳಲ್ಲಿ ಮುಗಿದಾವು.

ಕ್ರಮದಲ್ಲಿ ಒಂದು ಆದ್ಯತೆ ಪಾಲಿಸಬೇಕಾಗುತ್ತದೆ. ಶಾಸನಗಳು ಅಚ್ಚಾಗಿವೆ, ಅವು ಕಾಯುತ್ತವೆ. ಪಾಲುಪಟ್ಟಿಗಳೂ ನಮೂನೆ 7ರ ಕಡತಗಳೂ ಕರಾವಳಿಯ ಮಳೆಗಾಲದ ತೇವದಲ್ಲಿ, ಗೆದ್ದಲಿನ ನಡುವೆ ಇವೆ. ಗದ್ದೆಗಳ ಹೆಸರನ್ನು ಉಳುಮೆಯ ಕಾರಣದಿಂದ ಬಲ್ಲ ಕೊನೆಯ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಆ ಗದ್ದೆಗಳಲ್ಲಿ ಎಷ್ಟೋ ಹಡಿಲು ಬಿದ್ದಿವೆ, ಕೆಲವು ಮಣ್ಣು ತುಂಬಿಸಿಕೊಂಡು ಮನೆಯ ನಿವೇಶನಗಳಾಗಿವೆ. ಆದ್ದರಿಂದ ಮುಂದಿನ ಶೈಕ್ಷಣಿಕ ವರ್ಷದ ಕ್ಷೇತ್ರಕಾರ್ಯದಲ್ಲಿ ಮೊದಲು ಭೇಟಿ ಮಾಡಬೇಕಾದವರು ಇವರೇ. ಧ್ವನಿಮುದ್ರಣ ಯಂತ್ರದೊಂದಿಗೆ, ಸಾಧ್ಯವಾದರೆ ಅವರನ್ನು ಗದ್ದೆಯ ಅಂಚಿನವರೆಗೆ ಕರೆದೊಯ್ದು.